ಫ್ಯಾನಿ ಲೂ ಹೇಮರ್: ಸೋಲುಗಳೇ ಹೆಚ್ಚಿರುವ ಹೋರಾಟದ ಪರಂಪರೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ
ಸಮಾಜ ವಿಜ್ಞಾನ ಶಿಕ್ಷಕಿ, ದಾವಣಗೆರೆ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಬಗ್ಗೆ ಹೇಳುವಾಗಲೆಲ್ಲ ರೋಸಾ ಪಾರ್ಕ್ಸ್ ಅವರಿಂದ ಆರಂಭಿಸಿ ಮಾರ್ಟಿನ್ ಲೂಥರ್ ಕಿಂಗ್ ಅವರಲ್ಲಿಗೆ ಮುಗಿಸುವುದು ನನಗೆ ರೂಢಿಯಾಗಿತ್ತು. ಈ ವರ್ಷ ಹತ್ತನೆಯ ತರಗತಿಯ ಮಕ್ಕಳಿಗೆ ಮಿಸಿಸಿಪ್ಪಿ ರಾಜ್ಯದ ಫ್ಯಾನಿ ಲೂ ಹೇಮರ್ ಅವರ ಜೀವನವನ್ನು ಹೇಳಬೇಕೆನ್ನಿಸಿತು. ನಮ್ಮ ಶಾಲೆಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಮನೆಯವರು ಬೇರೆಯವರ ಹೊಲದಲ್ಲಿ ಕೂಲಿ ಮಾಡುವವರು. ಪದವಿ ಓದಿದ ಪಾದ್ರಿಯ ಕಥೆಗಿಂತ, ಆರನೆಯ ತರಗತಿಗೇ ಶಾಲೆ ಬಿಟ್ಟು ಹತ್ತಿ ಬಿಡಿಸಿದ ಹೆಣ್ಣುಮಗಳ ಕಥೆ ಅವರಿಗೆ ಹೆಚ್ಚು ಹತ್ತಿರವಾದೀತು ಎಂಬುದು ನನ್ನ ಎಣಿಕೆಯಾಗಿತ್ತು.

ಕಥೆ ಮಕ್ಕಳಿಗೆ ಹತ್ತಿರವಾಯಿತು, ಆದರೆ ಅವರು ಕೇಳಿದ ಎರಡು ಪ್ರಶ್ನೆಗಳಿಗೆ ನನಗೆ ಸಮಾಧಾನವಾಗುವ ಉತ್ತರ ಕೊಡಲಾಗಲಿಲ್ಲ. ಒಬ್ಬ ಹುಡುಗಿ ಕೇಳಿದಳು: ಕಪ್ಪು ಜನರಿಗೆ ಮತದಾನದ ಹಕ್ಕು 1870ರ ತಿದ್ದುಪಡಿಯಲ್ಲೇ ಸಿಕ್ಕಿತ್ತು, ಹೆಂಗಸರಿಗೆ 1920ರಲ್ಲಿ ಸಿಕ್ಕಿತು ಎಂದಿರಿ; ಹಾಗಿದ್ದರೆ 1962ರಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಆಕೆ ಹೆಸರು ನೋಂದಾಯಿಸಲು ಹೋದದ್ದಕ್ಕೆ ಮನೆ ಬಿಡಿಸಿದ್ದು ಯಾವ ಕಾನೂನಿನ ಪ್ರಕಾರ? ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ್ದು ಇನ್ನೂ ಕಷ್ಟದ ಪ್ರಶ್ನೆ: ಅವರು ಗೆದ್ದದ್ದು ಏನು? 1964ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಾವೇಶದಲ್ಲಿ ಅವರಿಗೆ ಪ್ರತಿನಿಧಿಯ ಸ್ಥಾನ ಸಿಗಲಿಲ್ಲ. ಅದೇ ವರ್ಷ ಸಂಸತ್ತಿಗೆ ಸ್ಪರ್ಧಿಸಿ ಸೋತರು, 1971ರಲ್ಲಿ ರಾಜ್ಯ ಸೆನೆಟ್‌ಗೆ ನಿಂತು ಸೋತರು, ಕಟ್ಟಿದ ಸಹಕಾರಿ ಕೃಷಿ ಸಂಘವೂ ಉಳಿಯಲಿಲ್ಲ. ಇಂಥ ಬದುಕಿನ ಪರಂಪರೆಯನ್ನು ಮಕ್ಕಳಿಗೆ ಹೇಗೆ ತೋರಿಸಬೇಕು? ದೊಡ್ಡ ಮಾತುಗಳಲ್ಲಿ ತೇಲಿಸಿಬಿಡಲು ನನಗೆ ಮನಸ್ಸಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1
ಹತ್ತಿ ಬೆಳೆಗಾರ, ಹಾವೇರಿ ಜಿಲ್ಲೆ

ಮೇಡಂ, ಮೊದಲ ಪ್ರಶ್ನೆಗೆ ಉತ್ತರ ಕಾನೂನಿನ ಪುಸ್ತಕದಲ್ಲಿ ಅರ್ಧ ಇದ್ದರೆ, ಇನ್ನರ್ಧ ಹತ್ತಿಯ ಹೊಲದಲ್ಲಿದೆ. ಕಾನೂನಿನ ಭಾಗವನ್ನು ತಿಳಿದವರು ಬರೆಯಲಿ, ನಾನು ಹೊಲದ ಭಾಗವನ್ನು ಬರೆಯುತ್ತೇನೆ.

ಹೇಮರ್ ಹುಟ್ಟಿದ್ದು 1917ರ ಅಕ್ಟೋಬರ್ 6ರಂದು, ಇಪ್ಪತ್ತು ಮಕ್ಕಳಲ್ಲಿ ಕೊನೆಯವರಾಗಿ. ತಂದೆ ಜೇಮ್ಸ್ ಲೀ ಟೌನ್‌ಸೆಂಡ್, ತಾಯಿ ಲೂ ಎಲ್ಲಾ, ಇಬ್ಬರೂ ಪಾಲಿಗೆ ಉಳುಮೆ ಮಾಡುವವರು. ನಮ್ಮಲ್ಲಿ ಗೇಣಿ ಬೇರೆ, ಕೋರು ಬೇರೆ. ಗೇಣಿ ಎಂದರೆ ಇಷ್ಟು ಎಂದು ಮೊದಲೇ ಗೊತ್ತುಮಾಡಿಕೊಂಡು ಕೊಡುವುದು. ಕೋರು ಎಂದರೆ ಬಂದ ಬೆಳೆಯಲ್ಲಿ ಪಾಲು. ಮಿಸಿಸಿಪ್ಪಿಯದು ಕೋರಿನಂಥ ಪದ್ಧತಿಯಾಗಿತ್ತು, ಆದರೆ ಅದರಲ್ಲಿ ಒಂದು ಕುಣಿಕೆಯಿತ್ತು. ಬೀಜ, ಗೊಬ್ಬರ, ಹಿಟ್ಟು, ಎಣ್ಣೆ ಎಲ್ಲವನ್ನೂ ಹೊಲದ ಮಾಲೀಕನ ಅಂಗಡಿಯಲ್ಲೇ ಸಾಲಕ್ಕೆ ತರಬೇಕು, ಲೆಕ್ಕವನ್ನು ಮಾಲೀಕನೇ ಬರೆದಿಡುತ್ತಾನೆ, ಸುಗ್ಗಿಯಲ್ಲಿ ಹತ್ತಿಯನ್ನು ಅವನ ಕಾಟಾದಲ್ಲೇ ತೂಗಬೇಕು. ವರ್ಷದ ಕೊನೆಗೆ ಲೆಕ್ಕ ಮುಗಿದಾಗ ಒಕ್ಕಲಿನ ಕೈಗೆ ಏನೂ ಉಳಿಯುತ್ತಿರಲಿಲ್ಲ, ಎಷ್ಟೋ ಸಲ ಸಾಲವೇ ಮುಂದಿನ ವರ್ಷಕ್ಕೆ ದಾಟುತ್ತಿತ್ತು.

ಹೇಮರ್ ಆರು ವರ್ಷದವರಿದ್ದಾಗ ರಸ್ತೆಯ ಬದಿಯಲ್ಲಿ ಆಡುತ್ತಿದ್ದರಂತೆ. ಮಾಲೀಕ ಗಾಡಿ ನಿಲ್ಲಿಸಿ, ಹತ್ತಿ ಬಿಡಿಸುತ್ತೀಯಾ ಎಂದು ಕೇಳಿದ. ವಾರದಲ್ಲಿ ಮೂವತ್ತು ಪೌಂಡ್ ಬಿಡಿಸಿದರೆ ಅಂಗಡಿಯಿಂದ ತಿಂಡಿ ಕೊಡುತ್ತೇನೆ ಎಂದ. ಮಗು ಬಿಡಿಸಿತು, ತಿಂಡಿಯೂ ಸಿಕ್ಕಿತು. ಮರುವಾರ ದುಪ್ಪಟ್ಟು ಬಿಡಿಸಬೇಕೆಂದು ಹೇಳಲಾಯಿತು. ಅಂದು ಶುರುವಾದ ಕೆಲಸ ತಾನು ದೊಡ್ಡವಳಾಗುವವರೆಗೂ ನಿಲ್ಲಲಿಲ್ಲ, ಮಾಲೀಕ ತನ್ನನ್ನು ಆ ತಿಂಡಿಯ ಸಾಲದಲ್ಲಿ ಸಿಕ್ಕಿಸಿದ್ದನೆಂದು ಅವರು ಮುಂದೆ ಹೇಳಿಕೊಂಡರು. ಪೋಲಿಯೋದಿಂದ ಒಂದು ಕಾಲು ಕುಂಟಾಗಿದ್ದರೂ ಹದಿಮೂರನೆಯ ವಯಸ್ಸಿಗೆ ದಿನಕ್ಕೆ ಇನ್ನೂರು ಪೌಂಡ್‌ಗಿಂತ ಹೆಚ್ಚು, ಅಂದರೆ ತೊಂಬತ್ತು ಕಿಲೋಗೂ ಮಿಕ್ಕಿ, ಬಿಡಿಸುತ್ತಿದ್ದರು. ಹತ್ತಿ ಬಿಡಿಸಿದವರಿಗೆ ಈ ಅಂಕಿಯ ಭಾರ ಗೊತ್ತಾಗುತ್ತದೆ. ನಮ್ಮಲ್ಲಿ ಹೆಂಗಸರು ಉಡಿ ಕಟ್ಟಿಕೊಂಡು ಬಿಡಿಸುತ್ತಾರೆ, ಅಲ್ಲಿ ಹೆಗಲಿಗೆ ಉದ್ದನೆಯ ಚೀಲ ಹಾಕಿಕೊಂಡು ಸಾಲಿನುದ್ದಕ್ಕೂ ಎಳೆಯುತ್ತ ಹೋಗುತ್ತಿದ್ದರು. ಒಡೆದ ಕಾಯಿಯ ಒಣಸಿಪ್ಪೆಯ ತುದಿ ಉಗುರಿನ ಸಂದಿಗೆ ಚುಚ್ಚುವುದು ಮಾತ್ರ ಎರಡೂ ಕಡೆ ಒಂದೇ. ನನ್ನ ತಾಯಿಯ ಬೆರಳುಗಳು ಸುಗ್ಗಿಯ ತಿಂಗಳಲ್ಲಿ ಉಪ್ಪು ಮುಟ್ಟಲಾಗದಷ್ಟು ಹರಿದಿರುತ್ತಿದ್ದವು.

ಟೌನ್‌ಸೆಂಡ್ ಕುಟುಂಬ ಒಮ್ಮೆ ಹೇಗೋ ಹಣ ಕೂಡಿಸಿ ಹೇಸರಗತ್ತೆಗಳನ್ನು ಕೊಂಡು, ಸ್ವಂತ ಬೇಸಾಯಕ್ಕೆ ಕಾಲಿಡುವ ಹಂತಕ್ಕೆ ಬಂದಿತ್ತು. ಯಾರೋ ರಾತ್ರಿ ಬಂದು ಅವುಗಳ ಮೇವಿನ ತೊಟ್ಟಿಗೆ ವಿಷ ಬೆರೆಸಿ ಕೊಂದರು. ಆ ಹೊಡೆತದಿಂದ ಮನೆ ಮತ್ತೆ ಮೇಲೇಳಲಿಲ್ಲ ಎಂದು ಹೇಮರ್ ಹಲವು ಸಲ ಹೇಳಿದ್ದಾರೆ. ಈ ಪ್ರಸಂಗವನ್ನು ಮಕ್ಕಳಿಗೆ ಖಂಡಿತ ಹೇಳಿ. ಕಪ್ಪು ಒಕ್ಕಲೊಬ್ಬ ತನ್ನ ಕಾಲ ಮೇಲೆ ನಿಲ್ಲುವುದನ್ನೇ ಅಪರಾಧವೆಂದು ನೋಡುತ್ತಿದ್ದ ಊರಿನಲ್ಲಿ ಅವರು ಬೆಳೆದರು ಎಂಬುದು ಅದರಿಂದ ತಿಳಿಯುತ್ತದೆ.

ಮದುವೆಯಾದ ಮೇಲೆ ಗಂಡ ಪೆರ್ರಿ ಹೇಮರ್ ಅವರೊಂದಿಗೆ ರೂಲ್‌ವಿಲ್ ಎಂಬ ಊರಿನ ಹತ್ತಿರದ ತೋಟವೊಂದರಲ್ಲಿ ಹದಿನೆಂಟು ವರ್ಷ ದುಡಿದರು. ಗಂಡ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಓದು ಬರಹ ಬರುತ್ತದೆಂದು ಇವರಿಗೆ ಕೂಲಿಯ ಲೆಕ್ಕ ಬರೆಯುವ ಕೆಲಸ ಕೊಟ್ಟಿದ್ದರು. ತೂಕದಲ್ಲಿ ಮೋಸವಾಗುವುದನ್ನು ಕಣ್ಣಾರೆ ಕಂಡ ಅವರು, ಮಾಲೀಕನ ಕಣ್ಣು ತಪ್ಪಿದಾಗ ತೂಕದ ಕೋಲಿಗೆ ತಾವೇ ಇಟ್ಟುಕೊಂಡಿದ್ದ ಬೇರೆ ಗುಂಡನ್ನು ನೇತುಹಾಕಿ ಕೂಲಿಯವರ ತೂಕವನ್ನು ಸರಿಮಾಡುತ್ತಿದ್ದರಂತೆ. ಯಾವ ಸಂಘಟನೆಯೂ ರೂಲ್‌ವಿಲ್‌ಗೆ ಬರುವ ಮೊದಲೇ, ಯಾವ ಭಾಷಣವನ್ನೂ ಕೇಳುವ ಮೊದಲೇ ಈ ಕೆಲಸ ನಡೆದಿತ್ತು. ನನ್ನ ದೃಷ್ಟಿಯಲ್ಲಿ ಅವರ ಹೋರಾಟದ ಆರಂಭ 1962 ಅಲ್ಲ, ಆ ತೂಕದ ಗುಂಡು.

ಇನ್ನು ಮನೆ ಬಿಡಿಸಿದ ವಿಷಯ. ಅದಕ್ಕೆ ಯಾವ ಕಾನೂನೂ ಬೇಕಿರಲಿಲ್ಲ. ಮನೆ ಮಾಲೀಕನದು, ಹೊಲ ಮಾಲೀಕನದು, ಅಂಗಡಿಯ ಸಾಲದ ಪುಸ್ತಕವೂ ಅವನದೇ. ಮತದಾರರಾಗಲು ತುಂಬಬೇಕಿದ್ದ ಅರ್ಜಿಯಲ್ಲಿ 21 ಪ್ರಶ್ನೆಗಳಿದ್ದವು. ಎಲ್ಲಿ ವಾಸ, ಯಾರ ಬಳಿ ಕೆಲಸ ಎಂಬುವೂ ಅದರಲ್ಲಿದ್ದವು. ಮತದಾನಕ್ಕೂ ಧಣಿಯ ಹೆಸರಿಗೂ ಏನು ಸಂಬಂಧ? ಅರ್ಜಿ ತುಂಬಿ ಮನೆ ಮುಟ್ಟುವುದರೊಳಗೆ ಕೆಲಸ ಹೋಗಿರುತ್ತದೆ ಎಂದು ಹೇಮರ್ ಅದರ ಅರ್ಥವನ್ನು ನೇರವಾಗಿಯೇ ಹೇಳಿದರು. ಅವರ ವಿಷಯದಲ್ಲಿ ಆದದ್ದೂ ಅದೇ. 1962ರ ಆಗಸ್ಟ್ 31ರಂದು ಹದಿನೆಂಟು ಜನ ಹಳೆಯ ಬಸ್ಸೊಂದರಲ್ಲಿ 26 ಮೈಲು ದೂರದ ಇಂಡಿಯನೋಲಾ ನ್ಯಾಯಾಲಯಕ್ಕೆ ಹೋಗಿ ಬಂದರು. ಸಂಜೆ ಇವರು ಮನೆ ತಲುಪುವ ಮೊದಲೇ ಸುದ್ದಿ ಮಾಲೀಕನ ಕಿವಿಗೆ ಬಿದ್ದಿತ್ತು. ಅರ್ಜಿ ವಾಪಸು ತೆಗೆದುಕೋ, ಇಲ್ಲವೇ ಜಾಗ ಖಾಲಿ ಮಾಡು ಎಂದಾಗ ಅವರು ಕೊಟ್ಟ ಉತ್ತರ: ನಾನು ಹೆಸರು ಬರೆಸಲು ಹೋದದ್ದು ನಿಮಗಾಗಿ ಅಲ್ಲ, ನನಗಾಗಿ. ಅದೇ ರಾತ್ರಿ ಮನೆ ಬಿಟ್ಟರು. ಹತ್ತು ದಿನಗಳ ನಂತರ, ಸೆಪ್ಟೆಂಬರ್ 10ರಂದು, ಅವರಿಗೆ ಆಶ್ರಯ ಕೊಟ್ಟಿದ್ದವರ ಮನೆಯ ಮೇಲೆ ಹದಿನಾರು ಗುಂಡುಗಳನ್ನು ಹಾರಿಸಲಾಯಿತು.

ನಿಮ್ಮ ವಿದ್ಯಾರ್ಥಿನಿಗೆ ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ: ಮತವನ್ನೂ ಅನ್ನವನ್ನೂ ಒಂದೇ ಹಗ್ಗದಲ್ಲಿ ಕಟ್ಟಿ, ಹಗ್ಗದ ತುದಿಯನ್ನು ಮಾಲೀಕನ ಕೈಗೆ ಕೊಟ್ಟಿದ್ದರು. ಹಕ್ಕು ಕಾಗದದ ಮೇಲಿತ್ತು, ಹಗ್ಗ ಕೊರಳಲ್ಲಿತ್ತು.

ಉತ್ತರ 2
ವಕೀಲ, ಮೈಸೂರು

ಮೇಲಿನವರು ಬರೆದದ್ದಕ್ಕೆ ಕಾನೂನಿನ ಭಾಗವನ್ನು ಸೇರಿಸುತ್ತೇನೆ.

ಬಣ್ಣದ ಕಾರಣಕ್ಕೆ ಮತ ನಿರಾಕರಿಸಬಾರದೆಂದು ಸಂವಿಧಾನದ 15ನೆಯ ತಿದ್ದುಪಡಿ ಹೇಳಿತು. ಮಿಸಿಸಿಪ್ಪಿ 1890ರಲ್ಲಿ ಬರೆದುಕೊಂಡ ರಾಜ್ಯ ಸಂವಿಧಾನದಲ್ಲಿ ಬಣ್ಣದ ಮಾತನ್ನೇ ಎತ್ತದೆ ಎರಡು ಬೇಲಿಗಳನ್ನು ಹಾಕಲಾಯಿತು. ಒಂದು, ವರ್ಷಕ್ಕೆ ಎರಡು ಡಾಲರ್ ತಲೆಗಂದಾಯ. ಇನ್ನೊಂದು, ರಾಜ್ಯ ಸಂವಿಧಾನದ ಯಾವುದಾದರೂ ಕಲಮನ್ನು ಓದಬೇಕು ಅಥವಾ ಓದಿ ಹೇಳಿದಾಗ ಅರ್ಥ ವಿವರಿಸಬೇಕು ಎಂಬ ಷರತ್ತು. 1954ರ ತಿದ್ದುಪಡಿ ಇದನ್ನು ಇನ್ನೂ ಬಿಗಿಗೊಳಿಸಿ, ಓದುವುದು, ಬರೆಯುವುದು, ವಿವರಿಸುವುದು ಮೂರನ್ನೂ ಕಡ್ಡಾಯ ಮಾಡಿತು. ವಿವರಣೆ ಸರಿಯೇ ತಪ್ಪೇ ಎಂದು ತೀರ್ಮಾನಿಸುವವನು ನೋಂದಣಾಧಿಕಾರಿಯೊಬ್ಬನೇ. ಬಿಳಿಯನಿಗೆ ಒಂದು ಸಾಲಿನ ಕಲಮು ಕೊಟ್ಟು, ಕಪ್ಪು ಅರ್ಜಿದಾರನಿಗೆ ವಕೀಲರೂ ತಡವರಿಸುವ ಕಲಮು ಕೊಡಲು ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ.

ಹೇಮರ್ ಅವರಿಗೆ ಮೊದಲ ದಿನ ಸಿಕ್ಕದ್ದು 16ನೆಯ ಕಲಮು. ನಡೆದುಹೋದ ಕೃತ್ಯಕ್ಕೆ ಆಮೇಲೆ ಕಾನೂನು ಮಾಡಿ ಶಿಕ್ಷಿಸಬಾರದು ಎಂಬ, ಲ್ಯಾಟಿನ್ ಪದವಿರುವ ನಿಯಮ ಅದು. ಅಂಥ ಕಾನೂನಿನ ಬಗ್ಗೆ ತನಗೆ ಗೊತ್ತಿದ್ದದ್ದು, ಕ್ರಿಸ್‌ಮಸ್ ಹಬ್ಬದ ಬಗ್ಗೆ ಕುದುರೆಗೆ ಗೊತ್ತಿರುವಷ್ಟೇ ಎಂದು ಅವರು ಮುಂದೆ ಹೇಳುತ್ತಿದ್ದರು. ಅಂದು ಅನುತ್ತೀರ್ಣರಾದರು. ಊರಿಗೆ ಮರಳುವಾಗ ಪೊಲೀಸರು ಬಸ್ಸನ್ನು ತಡೆದು, ಶಾಲಾ ಬಸ್ಸಿನಂತೆ ತೀರಾ ಹಳದಿಯಾಗಿದೆ ಎಂಬ ಕಾರಣ ಕೊಟ್ಟು ನೂರು ಡಾಲರ್ ದಂಡ ಕೇಳಿದರು. ಕೊನೆಗೆ ಮೂವತ್ತಕ್ಕೆ ಇಳಿಸಿದಾಗ ಒಳಗಿದ್ದವರು ಇದ್ದಬದ್ದದ್ದನ್ನು ಕೂಡಿಸಿ ಕಟ್ಟಿದರು. ಆ ಹೊತ್ತಿನಲ್ಲಿ, ಹೆದರಿ ಕುಳಿತಿದ್ದ ಬಸ್ಸಿನಲ್ಲಿ, ಒಬ್ಬ ಹೆಂಗಸು ಚರ್ಚಿನ ಹಾಡುಗಳನ್ನು ಎತ್ತರದ ದನಿಯಲ್ಲಿ ಹಾಡತೊಡಗಿದಳು. ಆಕೆಯೇ ಹೇಮರ್. ಆಕೆ ಯಾರೆಂದು ನೋಂದಣಿ ಚಳವಳಿಯ ಸಂಘಟಕರು ವಿಚಾರಿಸಿದ್ದು ಆ ದಿನವೇ.

ಡಿಸೆಂಬರ್‌ನಲ್ಲಿ ಎರಡನೆಯ ಸಲ ಹೋದಾಗ ಅವರು ನೋಂದಣಾಧಿಕಾರಿಗೆ ಹೇಳಿದ ಮಾತು, ಹಾವೇರಿಯವರು ಹೇಳಿದ ಹಗ್ಗಕ್ಕೆ ನೇರ ಸಾಕ್ಷಿ. ಈಗ ನೀವು ನನ್ನನ್ನು ಕೆಲಸದಿಂದ ತೆಗೆಸಲಾರಿರಿ, ಆಗಲೇ ತೆಗೆದಾಗಿದೆ. ಮನೆ ಬಿಡಿಸಲಾರಿರಿ, ನಾನೀಗ ಬಿಳಿಯರ ಮನೆಯಲ್ಲಿಲ್ಲ. ಹೆಸರು ನೋಂದಣಿಯಾಗುವವರೆಗೂ ಮೂವತ್ತು ದಿನಕ್ಕೊಮ್ಮೆ ಬರುತ್ತೇನೆ ಎಂದರು. 1963ರ ಜನವರಿ 10ರಂದು ಉತ್ತೀರ್ಣರಾದ ಸುದ್ದಿ ಬಂತು. ಆದರೂ ಅವರು ಆ ವರ್ಷ ಮತ ಹಾಕಲಾಗಲಿಲ್ಲ, ಏಕೆಂದರೆ ಎರಡು ವರ್ಷಗಳ ತಲೆಗಂದಾಯದ ರಸೀದಿ ಬೇಕಿತ್ತು. ನೋಂದಣಿಯೇ ಸಾಧ್ಯವಿಲ್ಲದಿದ್ದ ಕಾಲದ ರಸೀದಿಯನ್ನು ಎಲ್ಲಿಂದ ತರುವುದು? ಇದರ ಜೊತೆಗೆ, ಅರ್ಜಿದಾರರ ಹೆಸರುಗಳನ್ನು ಸ್ಥಳೀಯ ಪತ್ರಿಕೆಯಲ್ಲಿ ಎರಡು ವಾರ ಪ್ರಕಟಿಸಬೇಕೆಂದು 1962ರಲ್ಲಿ ರಾಜ್ಯ ಒಂದು ನಿಯಮ ತಂದಿತ್ತು. ಧಣಿಗಳಿಗೂ ಬ್ಯಾಂಕಿನವರಿಗೂ ಗುಂಡು ಹಾರಿಸುವವರಿಗೂ ಪಟ್ಟಿ ಮನೆಬಾಗಿಲಿಗೇ ಬರುತ್ತಿತ್ತು. ಸ್ವಲ್ಪ ಕಾಲದ ನಂತರ, ನಲ್ಲಿಯೇ ಇಲ್ಲದ ಹೇಮರ್ ಅವರ ಬಾಡಿಗೆ ಮನೆಗೆ ಒಂಬತ್ತು ಸಾವಿರ ಡಾಲರ್‌ಗಳ ನೀರಿನ ಬಿಲ್ಲು ಬಂತು.

ನಮ್ಮ ಮಕ್ಕಳಿಗೆ ಇದು ವಿಚಿತ್ರವೆನಿಸಬಹುದು. ಮತದಾನಕ್ಕೆ ಅಕ್ಷರದ ಷರತ್ತನ್ನು ನಮ್ಮ ಸಂವಿಧಾನದ 326ನೆಯ ವಿಧಿ ಹಾಕಲಿಲ್ಲ, 1951–52ರ ಮೊದಲ ಚುನಾವಣೆಯಲ್ಲಿ ಓದುಬಾರದ ಕೋಟ್ಯಂತರ ಜನ ಚಿಹ್ನೆ ನೋಡಿ ಮತ ಹಾಕಿದರು. ಅದಾಗಿ ಹತ್ತು ವರ್ಷಗಳ ನಂತರವೂ ಮಿಸಿಸಿಪ್ಪಿಯಲ್ಲಿ ಓದುಬಂದವರನ್ನೇ ಪರೀಕ್ಷೆಯ ಹೆಸರಿನಲ್ಲಿ ಹೊರಗಿಡಲಾಗುತ್ತಿತ್ತು ಎಂದು ಹೋಲಿಸಿ ಹೇಳಿದರೆ ಬೇಗ ಮನಸ್ಸಿಗೆ ನಾಟುತ್ತದೆ.

ಎರಡನೆಯ ಪ್ರಶ್ನೆಗೆ, ಅಂದರೆ ಗೆದ್ದದ್ದು ಏನು ಎಂಬುದಕ್ಕೆ, ನನ್ನ ಉತ್ತರ ಒಂದು ಅಂಕಿ. 1965ರ ಮತದಾನ ಹಕ್ಕುಗಳ ಕಾಯ್ದೆಗೆ ಮುಂಚೆ ಮಿಸಿಸಿಪ್ಪಿಯ ಅರ್ಹ ಕಪ್ಪು ವಯಸ್ಕರಲ್ಲಿ ನೋಂದಣಿಯಾಗಿದ್ದವರು ಶೇಕಡಾ 6.7. ಎರಡೇ ವರ್ಷಗಳಲ್ಲಿ, 1967ರ ವೇಳೆಗೆ, ಅದು ಶೇಕಡಾ 59.8ಕ್ಕೆ ಏರಿತು. ಅಕ್ಷರ ಪರೀಕ್ಷೆಯನ್ನು ಅಮಾನತಿನಲ್ಲಿಟ್ಟು, ಅಗತ್ಯವಿದ್ದಲ್ಲಿ ಕೇಂದ್ರದ ಅಧಿಕಾರಿಗಳೇ ಬಂದು ಹೆಸರು ಬರೆದುಕೊಳ್ಳುವ ವ್ಯವಸ್ಥೆಯನ್ನು ಆ ಕಾಯ್ದೆ ಮಾಡಿತು. ಕಾಯ್ದೆಯನ್ನು ಹೇಮರ್ ಒಬ್ಬರೇ ತಂದರೆಂದು ಹೇಳಲಾಗದು. ಆದರೆ ಅದು ಏಕೆ ಬೇಕೆಂಬುದನ್ನು ದೇಶ ಅವರ ಬಾಯಿಂದ ಕೇಳಿತ್ತು. 2006ರಲ್ಲಿ ಕಾಯ್ದೆಯನ್ನು ಮುಂದುವರಿಸಿದಾಗ ಅದರ ಶೀರ್ಷಿಕೆಯಲ್ಲಿ ರೋಸಾ ಪಾರ್ಕ್ಸ್, ಕೊರೆಟ್ಟಾ ಸ್ಕಾಟ್ ಕಿಂಗ್ ಅವರ ಹೆಸರುಗಳಿಗಿಂತ ಮುಂಚೆ ಇವರ ಹೆಸರಿತ್ತು. ಅದೇ ಕಾಯ್ದೆಯ ಒಂದು ಮುಖ್ಯ ಆಸರೆಯನ್ನು, ಅಂದರೆ ಯಾವ ರಾಜ್ಯಗಳು ಚುನಾವಣಾ ನಿಯಮ ಬದಲಿಸುವ ಮುನ್ನ ಕೇಂದ್ರದ ಒಪ್ಪಿಗೆ ಪಡೆಯಬೇಕೆಂದು ಗುರುತಿಸುವ ಸೂತ್ರವನ್ನು, ಸುಪ್ರೀಂ ಕೋರ್ಟ್ 2013ರ ಶೆಲ್ಬಿ ಕೌಂಟಿ ಪ್ರಕರಣದಲ್ಲಿ ತೆಗೆದುಹಾಕಿತು ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಉತ್ತರ 3
ಅಟ್ಲಾಂಟಾದಲ್ಲಿರುವ ಕನ್ನಡತಿ

ಅಟ್ಲಾಂಟಿಕ್ ಸಿಟಿಯ ಪ್ರಸಂಗವನ್ನು ಸೋಲು ಎಂದು ಒಂದೇ ಪದದಲ್ಲಿ ಬರೆದಿರುವುದಕ್ಕೆ ಸ್ವಲ್ಪ ತಕರಾರು ಮಾಡಲು ಅನುಮತಿ ಕೊಡಿ.

ಅದಕ್ಕೂ ಮೊದಲು ವಿನೋನಾ. 1963ರ ಜೂನ್ 9ರಂದು, ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್‌ನಲ್ಲಿ ಮತದಾರರ ಶಿಕ್ಷಣದ ತರಬೇತಿ ಮುಗಿಸಿ ಬರುತ್ತಿದ್ದ ತಂಡವನ್ನು ವಿನೋನಾ ಎಂಬ ಊರಿನ ಬಸ್ ನಿಲ್ದಾಣದಲ್ಲಿ ಬಂಧಿಸಿದರು. ಅವರಲ್ಲಿ ಕೆಲವರು ಬಿಳಿಯರಿಗೆ ಮೀಸಲಾಗಿದ್ದ ಉಪಾಹಾರದ ಕಟ್ಟೆಯಲ್ಲಿ ಕುಳಿತಿದ್ದರು, ಅಷ್ಟೇ ಕಾರಣ. ಜೈಲಿನಲ್ಲಿ ಅಧಿಕಾರಿಗಳು ಇಬ್ಬರು ಕಪ್ಪು ಕೈದಿಗಳ ಕೈಗೆ ಚರ್ಮದ ದೊಣ್ಣೆ ಕೊಟ್ಟು ಹೇಮರ್ ಅವರನ್ನು ಹೊಡೆಸಿದರು. ಒಬ್ಬನು ದಣಿದ ಮೇಲೆ ಇನ್ನೊಬ್ಬನಿಂದ ಹೊಡೆಸಿದರು. ಅವರ ಮೂತ್ರಪಿಂಡಕ್ಕೂ ಒಂದು ಕಣ್ಣಿಗೂ ಆದ ಹಾನಿ ಬದುಕಿನ ಕೊನೆಯವರೆಗೂ ಉಳಿಯಿತು. ಜೂನ್ 12ರಂದು ಬಿಡುಗಡೆಯಾಗಿ ಹೊರಬಂದಾಗ ಕೇಳಿದ ಸುದ್ದಿ, ಜಾಕ್ಸನ್ ನಗರದಲ್ಲಿ ನಾಗರಿಕ ಹಕ್ಕುಗಳ ಮುಂದಾಳು ಮೆಡ್ಗರ್ ಎವರ್ಸ್ ಅವರನ್ನು ಮನೆಯ ಮುಂದೆಯೇ ಕೊಂದರು ಎಂಬುದು. ಹೊಡೆಸಿದ ಅಧಿಕಾರಿಗಳ ಮೇಲೆ ಮೊಕದ್ದಮೆ ನಡೆಯಿತು. ಬಿಳಿಯರೇ ಇದ್ದ ಜ್ಯೂರಿ ಎಲ್ಲರನ್ನೂ ನಿರ್ದೋಷಿಗಳೆಂದು ಬಿಟ್ಟಿತು.

ನ್ಯಾಯಾಲಯ ಕೇಳದ ಆ ಮಾತನ್ನೇ ಹೇಮರ್ 1964ರ ಆಗಸ್ಟ್ 22ರಂದು ಅಟ್ಲಾಂಟಿಕ್ ಸಿಟಿಗೆ ಒಯ್ದರು. ಡೆಮಾಕ್ರಟಿಕ್ ಪಕ್ಷದ ಮಿಸಿಸಿಪ್ಪಿ ಘಟಕ ಕಪ್ಪು ಜನರನ್ನು ಹೊರಗಿಟ್ಟಿತ್ತು. ಅದಕ್ಕೆ ಎದುರಾಗಿ ಆ ವರ್ಷದ ಏಪ್ರಿಲ್‌ನಲ್ಲಿ ಕಟ್ಟಿದ ಮಿಸಿಸಿಪ್ಪಿ ಫ್ರೀಡಂ ಡೆಮಾಕ್ರಟಿಕ್ ಪಾರ್ಟಿಯ 60ಕ್ಕೂ ಹೆಚ್ಚು ಪ್ರತಿನಿಧಿಗಳು, ರಾಜ್ಯದ ನಿಜವಾದ ಪ್ರತಿನಿಧಿಗಳು ನಾವು ಎಂದು ವಾದಿಸಿ ಬಂದಿದ್ದರು. ಅರ್ಹತೆ ಪರಿಶೀಲಿಸುವ ಸಮಿತಿಯ ಮುಂದೆ ಹೇಮರ್ ಟಿಪ್ಪಣಿಯಿಲ್ಲದೆ ಕೆಲವೇ ನಿಮಿಷ ಮಾತಾಡಿದರು. ತಮ್ಮ ಹೆಸರು, ವಿಳಾಸದಿಂದ ಆರಂಭಿಸಿ, ಬಸ್ಸು, ಮಾಲೀಕ, ಹದಿನಾರು ಗುಂಡು, ವಿನೋನಾದ ಕೋಣೆ ಎಲ್ಲವನ್ನೂ ಒಂದರ ಹಿಂದೆ ಒಂದರಂತೆ ಹೇಳುತ್ತ ಹೋದರು. ಮರ್ಯಾದಸ್ಥ ಮನುಷ್ಯರಾಗಿ ಬದುಕಲು ಬಯಸಿದ್ದಕ್ಕೆ ದಿನವೂ ಕೊಲೆ ಬೆದರಿಕೆ ಬರುವುದರಿಂದ, ಫೋನಿನ ರಿಸೀವರ್ ತೆಗೆದಿಟ್ಟು ಮಲಗಬೇಕಾದ ಈ ದೇಶ ಅಮೆರಿಕವೇ ಎಂದು ಕೇಳಿ ಮುಗಿಸಿದರು.

ದಕ್ಷಿಣದ ಬಿಳಿಯರ ಮತ ಕೈತಪ್ಪೀತೆಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಆತಂಕಗೊಂಡಿದ್ದರು. ದೂರದರ್ಶನದ ಕ್ಯಾಮೆರಾಗಳು ಆಕೆಯಿಂದ ತಿರುಗಲೆಂದು ಅವರು ಅದೇ ಹೊತ್ತಿಗೆ ತರಾತುರಿಯಲ್ಲಿ ಪತ್ರಕರ್ತರ ಮುಂದೆ ಬಂದರು. ನೇರ ಪ್ರಸಾರ ಕಡಿದುಹೋಯಿತು. ಆದರೆ ವಾಹಿನಿಗಳು ಆ ಸಂಜೆ ಹೇಮರ್ ಅವರ ಸಾಕ್ಷ್ಯವನ್ನೇ ಮತ್ತೆ ತೋರಿಸಿದವು. ಹಗಲಿಗಿಂತ ಹೆಚ್ಚು ಜನ ಅದನ್ನು ರಾತ್ರಿ ನೋಡಿದರು. ಒಬ್ಬ ಕೂಲಿ ಹೆಂಗಸಿನ ಮಾತಿಗೆ ದೇಶದ ಅಧ್ಯಕ್ಷರು ಹೆದರಿದರು ಎಂಬುದೇ ನಿಮ್ಮ ಹಿಂದಿನ ಬೆಂಚಿನ ಹುಡುಗನಿಗೆ ಅರ್ಧ ಉತ್ತರವಾಗಬಹುದು.

ಪಕ್ಷ ಕೊನೆಗೆ ಎರಡು ಸ್ಥಾನ ಕೊಡುತ್ತೇವೆ, ಅವು ಯಾರಿಗೆಂಬುದನ್ನೂ ನಾವೇ ಹೇಳುತ್ತೇವೆ ಎಂದಿತು. ಕಿಂಗ್ ಅವರೂ ಸೇರಿದಂತೆ ಹಲವು ಹಿರಿಯ ನಾಯಕರು ಒಪ್ಪಿಕೊಳ್ಳುವತ್ತ ವಾಲಿದರು. ನಾವೆಲ್ಲ ದಣಿದಿರುವಾಗ ಬರೀ ಎರಡು ಸೀಟಿಗಾಗಿ ಇಷ್ಟು ದೂರ ಬಂದಿಲ್ಲ ಎಂದರು ಹೇಮರ್. ನಾನು ಈ ಮಾತನ್ನು ಬಹಳ ಸಲ ಯೋಚಿಸಿದ್ದೇನೆ. ರಾಜಕೀಯ ಬಲ್ಲವರ ಕಣ್ಣಿಗೆ ಅದು ಹಟಮಾರಿತನವಾಗಿ ಕಂಡಿರಬಹುದು. ಆದರೆ ಆ ಪ್ರತಿನಿಧಿಗಳಲ್ಲಿ ಬಹಳ ಮಂದಿ, ಊರಿಗೆ ಮರಳಿದರೆ ಮನೆ, ಕೆಲಸ, ಜೀವ ಏನು ಉಳಿದಿರುತ್ತದೋ ಗೊತ್ತಿಲ್ಲದೆ ಬಂದವರು. ಆ ಬೇಸಿಗೆಯಲ್ಲೇ ಚೇನಿ, ಗುಡ್‌ಮನ್, ಶ್ವರ್ನರ್ ಎಂಬ ಹೋರಾಟದ ಮೂವರು ಯುವ ಕಾರ್ಯಕರ್ತರನ್ನು ಮಿಸಿಸಿಪ್ಪಿಯಲ್ಲಿ ಕೊಂದು ಮಣ್ಣಿನ ಅಣೆಕಟ್ಟೆಯಡಿ ಹೂತಿದ್ದರು. ಸಮಾವೇಶಕ್ಕೆ ಮೂರು ವಾರಗಳ ಹಿಂದಷ್ಟೇ ದೇಹಗಳು ಸಿಕ್ಕಿದ್ದವು. ಅಷ್ಟು ಬೆಲೆ ತೆತ್ತು ಬಂದವರಿಗೆ ಚೌಕಾಸಿಯ ಎರಡು ಕುರ್ಚಿ ತೋರಿಸಿದಾಗ ಬೇಡವೆನ್ನಲು ಅವರಿಗೆ ಹಕ್ಕಿತ್ತು. ವರ್ಣಭೇದ ಮಾಡುವ ನಿಯೋಗಗಳಿಗೆ ಮುಂದೆ ಅವಕಾಶವಿಲ್ಲ ಎಂದು ಪಕ್ಷ ಅದೇ ಸಮಾವೇಶದಲ್ಲಿ ನಿರ್ಧರಿಸಬೇಕಾಯಿತು. 1968ರಲ್ಲಿ ಶಿಕಾಗೋ ಸಮಾವೇಶದಲ್ಲಿ ಹೇಮರ್ ಅಧಿಕೃತ ಪ್ರತಿನಿಧಿಯಾಗಿ ತಮ್ಮ ಸ್ಥಾನದತ್ತ ನಡೆದಾಗ ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು.

ಉತ್ತರ 4
ಹತ್ತಿ ಬೆಳೆಗಾರ, ಹಾವೇರಿ ಜಿಲ್ಲೆ

ಅಕ್ಕ, ನೀವು ಬರೆದದ್ದೆಲ್ಲ ನಿಜ. ಆದರೆ ಸಹಕಾರಿ ಕೃಷಿ ಸಂಘದ ಬಗ್ಗೆ ಯಾರೂ ಬರೆಯಲಿಲ್ಲ. ಹೇಮರ್ ಅವರ ಕೆಲಸದಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಅದೇ.

ಕಾನೂನು ಬಂತು, ಹೆಸರು ನೋಂದಣಿಯಾಯಿತು. ಹಗ್ಗ ಮಾತ್ರ ಕಡಿಯಲಿಲ್ಲ. 1962ರ ಚಳಿಗಾಲದಲ್ಲಿ ಪಕ್ಕದ ಲೆಫ್ಲೋರ್ ಕೌಂಟಿಯಲ್ಲಿ ಮತದಾರರ ನೋಂದಣಿ ಚುರುಕಾದಾಗ, ಬಡವರಿಗೆ ಕೇಂದ್ರದಿಂದ ಬರುತ್ತಿದ್ದ ದವಸಧಾನ್ಯದ ಹಂಚಿಕೆಯನ್ನೇ ಅಲ್ಲಿನ ಆಡಳಿತ ನಿಲ್ಲಿಸಿತ್ತು. 1965ರ ಹೊತ್ತಿಗೂ ಹತ್ತಿ ಹೊಲದ ಕಳೆ ತೆಗೆಯುವವರಿಗೆ ಸಿಗುತ್ತಿದ್ದದ್ದು ದಿನಕ್ಕೆ ಮೂರು ಡಾಲರ್. ಆ ವರ್ಷ ಕೂಲಿಯವರು ಸಂಘ ಕಟ್ಟಿ ಮುಷ್ಕರ ಹೂಡಿದಾಗ ಹೇಮರ್ ಬೆಂಬಲಕ್ಕೆ ನಿಂತರು. ಅಷ್ಟರಲ್ಲಿ ಹತ್ತಿ ಬಿಡಿಸುವ ಯಂತ್ರ ಮತ್ತು ಕಳೆನಾಶಕ ಬಂದು, ಹಳೆಯ ಒಕ್ಕಲುಗಳು ಮಾಲೀಕರಿಗೆ ಬೇಡವಾದರು. ಮತ ಬಂದ ಹೊತ್ತಿಗೇ ಕೆಲಸ ಹೋಗುತ್ತಿತ್ತು. ಹಸಿದವನನ್ನು ಯಾರು ಬೇಕಾದರೂ ಕೊಳ್ಳಬಹುದು, ಹೆದರಿಸಬಹುದು ಎಂಬುದನ್ನು ಹೇಮರ್ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅದಕ್ಕಾಗಿ ಹಂದಿಗಳ ಬ್ಯಾಂಕೊಂದನ್ನು ಮಾಡಿದರು. ಕಪ್ಪು ಮಹಿಳೆಯರ ರಾಷ್ಟ್ರೀಯ ಮಂಡಳಿ ಮೊದಲ ಹಂದಿಗಳನ್ನು ಕೊಡಿಸಿತು. ಗಬ್ಬದ ಹಂದಿಯನ್ನು ಒಂದು ಕುಟುಂಬಕ್ಕೆ ಕೊಡುವುದು, ಅದು ಈದಾಗ ಮರಿಗಳಲ್ಲಿ ಕೆಲವನ್ನು ಬ್ಯಾಂಕಿಗೆ ಮರಳಿಸುವುದು, ಉಳಿದವನ್ನು ಆ ಮನೆಯವರು ಸಾಕಿಕೊಳ್ಳುವುದು, ಬಂದ ಮರಿಗಳನ್ನು ಇನ್ನೊಂದು ಕುಟುಂಬಕ್ಕೆ ಕೊಡುವುದು. ಬಡ್ಡಿಯಿಲ್ಲ, ಅಡವಿಲ್ಲ. 1969ರಲ್ಲಿ ನಲವತ್ತು ಎಕರೆ ಕೊಂಡು ಫ್ರೀಡಂ ಫಾರ್ಮ್ ಎಂಬ ಸಹಕಾರಿ ಸಂಘ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಅದು 600 ಎಕರೆ ದಾಟಿತು. ಸಾಲ ತೀರಿಸಲು ಹತ್ತಿ ಮತ್ತು ಸೋಯಾ, ಹೊಟ್ಟೆಗೆ ಸೊಪ್ಪು, ಅವರೆ, ಬೆಂಡೆ, ಜೋಳ. ಚಳಿಗಾಲಕ್ಕೆ ನಾನೂರು ಸೀಸೆ ಸೊಪ್ಪೂ ಬೆಂಡೆಕಾಯಿ ಸಾರೂ ತುಂಬಿಟ್ಟುಕೊಂಡವನನ್ನು ಯಾರೂ ದಬ್ಬಾಡಲಾರರು, ಏನು ಹೇಳಬೇಕು ಏನು ಮಾಡಬೇಕು ಎಂದು ಯಾರೂ ಅಪ್ಪಣೆ ಮಾಡಲಾರರು ಎನ್ನುವುದು ಅವರ ಮಾತಿನ ಸಾರ. ಮತದಾನದ ಬಗ್ಗೆ ಇದಕ್ಕಿಂತ ಆಳವಾದ ಮಾತನ್ನು ನಾನು ಓದಿಲ್ಲ, ಅದರಲ್ಲಿ ಮತ ಎಂಬ ಪದವೇ ಇಲ್ಲ.

ಸಂಘ ಉಳಿಯಲಿಲ್ಲ ಎಂಬುದು ಸತ್ಯ, ಅದನ್ನು ಮಕ್ಕಳಿಂದ ಮುಚ್ಚಿಡಬಾರದು. ಬರ ಬಂತು, ನೆರೆ ಬಂತು, ಅನುಭವವಿರುವ ವ್ಯವಸ್ಥಾಪಕರ ಕೊರತೆಯಿತ್ತು. ಹಣವೆಲ್ಲ ಹೇಮರ್ ಊರೂರು ತಿರುಗಿ ಭಾಷಣ ಮಾಡಿ ತರುವ ದೇಣಿಗೆಯ ಮೇಲೆ ನಿಂತಿತ್ತು, ಅವರ ಆರೋಗ್ಯ ಕುಸಿದಾಗ ಅದೂ ನಿಂತಿತು. 1970ರ ದಶಕದ ನಡುವಿಗೆ ಭೂಮಿಯ ಬಹುಪಾಲು ತೆರಿಗೆ ಮತ್ತು ಸಾಲಕ್ಕೆ ಹೋಯಿತು. ಒಬ್ಬರ ಹೆಗಲ ಮೇಲೆ ಇಡೀ ಸಂಘ ನಿಂತರೆ ಏನಾಗುತ್ತದೆಂದು ಸಹಕಾರಿ ಸಂಘಗಳಲ್ಲಿ ಓಡಾಡಿದ ನನ್ನಂಥವರಿಗೆ ಗೊತ್ತು. ಇಷ್ಟಿದ್ದರೂ ಆ ಏಳೆಂಟು ವರ್ಷ ನೂರಾರು ಮನೆಗಳಲ್ಲಿ ಒಲೆ ಉರಿಯಿತು, ಆ ಮನೆಗಳವರು ಯಾರ ಅಪ್ಪಣೆಯೂ ಇಲ್ಲದೆ ಮತಗಟ್ಟೆಗೆ ಹೋದರು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಎರಡೇ ಸಾಲು ಬರೆದೆ: ನೀವು ಯಾರ ಬಳಿ ಕೆಲಸ ಮಾಡುತ್ತೀರಿ? ಎಲ್ಲಿ ವಾಸಿಸುತ್ತೀರಿ? ಮತದಾರರ ಅರ್ಜಿಯಲ್ಲಿ ಈ ಪ್ರಶ್ನೆಗಳು ಏಕಿದ್ದವು ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ, ಗೆದ್ದದ್ದು ಏನು ಎಂದು ಕೇಳಿದ್ದ ಹುಡುಗನೇ ಎದ್ದುನಿಂತು, ಸಾಹುಕಾರರಿಗೆ ತಿಳಿಸೋದಕ್ಕೆ ಮೇಡಂ ಎಂದ. ಹಂದಿ ಬ್ಯಾಂಕಿನ ಲೆಕ್ಕವನ್ನು ಅವರೇ ಹಲಗೆಯ ಮೇಲೆ ಹಾಕಿ, ನಾಲ್ಕು ವರ್ಷಕ್ಕೆ ಎಷ್ಟು ಮನೆಗಳಿಗೆ ಮರಿ ಸಿಗುತ್ತದೆಂದು ಲೆಕ್ಕ ಮಾಡಿದರು. ಗಣಿತದ ಅವಧಿಯಲ್ಲಿ ಇಷ್ಟು ಉತ್ಸಾಹ ನಾನು ಕಂಡಿಲ್ಲ ಎಂದು ಪಕ್ಕದ ಕೋಣೆಯ ಮೇಷ್ಟ್ರು ಹೇಳಿದರು. ಮೊದಲ ಪ್ರಶ್ನೆ ಕೇಳಿದ್ದ ಹುಡುಗಿಗೆ ಇನ್ನೊಂದು ಸಂಶಯ ಉಳಿದಿದೆ: ಅಂದು ರಾತ್ರಿ ಹೇಮರ್ ಮನೆ ಬಿಟ್ಟು ಹೋದಾಗ ಅವರ ಗಂಡ ಏಕೆ ಜೊತೆಗೆ ಹೋಗಲಿಲ್ಲ, ಆಮೇಲೆ ಅವರಿಗೆ ಏನಾಯಿತು?

ಉತ್ತರ 5
ಅಟ್ಲಾಂಟಾದಲ್ಲಿರುವ ಕನ್ನಡತಿ

ಸುಗ್ಗಿ ಮುಗಿಯುವವರೆಗೆ ಪೆರ್ರಿ ಅಲ್ಲೇ ದುಡಿಯಬೇಕು, ಇಲ್ಲವಾದರೆ ಮನೆಯ ಸಾಮಾನು ಕೊಡುವುದಿಲ್ಲ ಎಂದು ಮಾಲೀಕ ಕಟ್ಟುಹಾಕಿದ್ದ. ಅವರು ಉಳಿದರು, ಹತ್ತಿ ಮುಗಿಸಿಕೊಟ್ಟರು, ಮುಗಿದ ಮೇಲೆ ಅವರನ್ನೂ ಕೆಲಸದಿಂದ ಬಿಡಿಸಿದರು. ಮುಂದೆ ಹೆಂಡತಿ ದೇಶವೆಲ್ಲ ಸುತ್ತುತ್ತಿದ್ದ ವರ್ಷಗಳಲ್ಲಿ ಮನೆಯನ್ನು, ಸಾಕಿಕೊಂಡಿದ್ದ ಹೆಣ್ಣುಮಕ್ಕಳನ್ನು ನೋಡಿಕೊಂಡದ್ದು ಅವರೇ. ಹೇಮರ್ ಅವರಿಗೆ ಸ್ವಂತ ಮಕ್ಕಳಾಗುವ ಆಸೆಯೇ ಮುಗಿದುಹೋದ ಸಂಗತಿಯೂ ಒಂದಿದೆ, ಹತ್ತನೆಯ ತರಗತಿಯವರಿಗೆ ಹೇಳಬಹುದೆಂದು ನಿಮಗನ್ನಿಸಿದರೆ ಹೇಳಿ. 1961ರಲ್ಲಿ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಗೆಂದು ಹೋದ ಹೇಮರ್ ಅವರ ಗರ್ಭಕೋಶವನ್ನು, ಅವರನ್ನು ಒಂದು ಮಾತೂ ಕೇಳದೆ ತೆಗೆದುಹಾಕಿದ್ದರು. ಆ ಪ್ರಾಂತ್ಯದ ಬಡ ಕಪ್ಪು ಹೆಂಗಸರಿಗೆ ಹಾಗೆ ಮಾಡುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಅದನ್ನು ಅವರು ಮಿಸಿಸಿಪ್ಪಿಯ ಅಪೆಂಡಿಕ್ಸ್ ಆಪರೇಷನ್ ಎಂದೇ ಕರೆದರು.

ಹೇಮರ್ 1977ರ ಮಾರ್ಚ್ 14ರಂದು, 59ನೆಯ ವಯಸ್ಸಿನಲ್ಲಿ, ಮೌಂಡ್ ಬೇಯೂ ಎಂಬ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಪೆರ್ರಿ 1992ರವರೆಗೆ ಬದುಕಿದ್ದರು. ನಾನು ಕೆಲವು ವರ್ಷಗಳ ಹಿಂದೆ ರೂಲ್‌ವಿಲ್‌ಗೆ ಹೋಗಿದ್ದೆ. ಕಣ್ಣು ಹಾಯುವಷ್ಟು ದೂರ ಒಂದು ದಿಬ್ಬವೂ ಇಲ್ಲದ ಸಮತಟ್ಟು ನೆಲ. ದಣಿದು ದಣಿದು ಸಾಕಾಗಿದೆ ಎಂಬ ಅವರ ಪ್ರಸಿದ್ಧ ಮಾತನ್ನು ಕಲ್ಲಿನ ಮೇಲೆ ಕೆತ್ತಿದ್ದಾರೆ. ಗಂಡ ಹೆಂಡತಿ ಇಬ್ಬರ ಸಮಾಧಿಗಳೂ ಅಕ್ಕಪಕ್ಕದಲ್ಲಿವೆ. ಅವು ಇರುವುದು ಫ್ರೀಡಂ ಫಾರ್ಮ್ ಸಂಘ ಕೊಂಡಿದ್ದ ಜಮೀನಿನಲ್ಲಿ.